ಬಸ್ಸಾರಿಗೆ ಕಾಯಿ ಹಾಕಬೇಕಾ, ಬೇಡವಾ?

ಅಡುಗೆ ಬಗ್ಗೆ ಬರೆಯಲು ಶುರುಮಾಡಿದಾಗಿನಿಂದ ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಕೇಳುವವರಲ್ಲಿ ಅರ್ಧ ಜನಕ್ಕೆ ಉತ್ತರ ಮೊದಲೇ ಗೊತ್ತಿರುತ್ತದೆ. ನನ್ನ ಬಾಯಲ್ಲಿ ಹೇಳಿಸಿ ಮನೆಯಲ್ಲಿ ಯಾರಿಗೋ ತೋರಿಸಬೇಕಿರುತ್ತದೆ, ಅಷ್ಟೆ. "ನಮ್ಮತ್ತೆ ಕಾಯಿ ಹಾಕ್ತಾರೆ, ಅದು ಬಸ್ಸಾರೇ ಅಲ್ಲ ಅಂತಾರೆ ನಮ್ಮಮ್ಮ. ನೀವೇ ಹೇಳಿ ಅಕ್ಕ."

ನಾನು ಈ ಜಗಳದ ಎರಡೂ ಕಡೆ ಉಂಡವಳು. ತವರು ತಿಪಟೂರಿನ ಕಡೆ, ಹಿತ್ತಲು ದಾಟಿದರೆ ತೆಂಗಿನ ತೋಟ. ಅಮ್ಮ ಉಪ್ಪಿಗಿಂತ ಧಾರಾಳವಾಗಿ ಕಾಯಿ ಹಾಕುತ್ತಿದ್ದಳು. ಅತ್ತೆಯವರದು ಕನಕಪುರದ ಒಳಗಿನ ಹಳ್ಳಿ, ಮಳೆ ನಂಬಿದ ಹೊಲ. ಅಲ್ಲಿ ಕಾಯಿ ದೇವರಿಗೆ, ಮಿಕ್ಕಿದ್ದು ಹಬ್ಬದಡುಗೆಗೆ. ದಿನದ ಸಾರಿಗೆ ಕಾಯಿ ತುರಿದರೆ ನೋಡಿದವರು ಏನಂದುಕೊಳ್ಳಬೇಕು!

ಹೆಸರಲ್ಲೇ ಇರುವಂತೆ ಬಸ್ಸಾರು ಎಂದರೆ ಬಸಿದ ಸಾರು. ಕಾಳೋ ಬೇಳೆಯೋ ಬೇಯುತ್ತ ಬಂದಾಗ ಸೊಪ್ಪು ಹಾಕಿ, ಬೆಂದ ನೀರನ್ನು ಬಸಿದುಕೊಳ್ಳಬೇಕು. ಆ ನೀರಿಗೆ ಕಟ್ಟು ಅನ್ನುತ್ತೇವೆ (ಎರಡು ಕಟ್ಟು ಸೊಪ್ಪಿನಿಂದ ಒಂದು ಪಾತ್ರೆ ಕಟ್ಟು, ಮಕ್ಕಳಿಗೆ ಹೇಳಿದರೆ ನಗುತ್ತವೆ). ಕಟ್ಟಿಗೆ ಮಸಾಲೆ ಸೇರಿದರೆ ಸಾರು, ಬಸಿದುಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಪಾತ್ರೆಯಿಂದ ಮುದ್ದೆಗೆ ಎರಡು ಜೊತೆ. ಇದೇ ಕಟ್ಟಿಗೆ ಬರೀ ಉಪ್ಪು ಬಿದ್ದು ಖಾರ ಬೇರೆಯಾಗಿ ತಟ್ಟೆಯ ಅಂಚಿಗೆ ಬಂದರೆ ಅದು ಮಂಡ್ಯದವರ ಉಪ್ಪೆಸರು. ಬಸಿಯದೆ ಎಲ್ಲವನ್ನೂ ಮಸೆದರೆ ಮಸ್ಸೊಪ್ಪು.

ಯಾವ ಸೊಪ್ಪು, ಯಾವ ಕಾಳು ಅನ್ನುವುದನ್ನು ಅಡುಗೆಮನೆಗಿಂತ ಮೊದಲು ಹೊಲ ತೀರ್ಮಾನಿಸುತ್ತಿತ್ತು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ ಇರುತ್ತಿದ್ದವು. ಕಳೆ ಕೀಳಲು ಹೋದ ಹೆಂಗಸರು ಅಣ್ಣೆ, ಹೊನಗೊನ್ನೆ, ಕನ್ನೆ, ಗೋಣಿ ಸೊಪ್ಪನ್ನು ಮಡಿಲಿಗೆ ತುಂಬಿಕೊಂಡು ಬರುತ್ತಿದ್ದರು. ಅದೇ ಬೆರಕೆ ಸೊಪ್ಪು. ಅತ್ತೆ ಸೊಪ್ಪು ಬಿಡಿಸುವಾಗ ಇವತ್ತಿಗೂ ಒಂದೊಂದರ ಹೆಸರು ಹೇಳುತ್ತಾರೆ, ನನಗೆ ನಾಲ್ಕರ ಮೇಲೆ ಗುರುತು ಸಿಗುವುದಿಲ್ಲ. ಬೆಂಗಳೂರಲ್ಲಿ ನನ್ನ ಬಸ್ಸಾರು ಗಾಡಿಯವನು ತಂದ ದಂಟು, ಸಬ್ಬಸಿಗೆಯ ಮೇಲೆ ನಡೆಯುತ್ತದೆ. ಏನೂ ಸಿಗದ ದಿನ ಬೀನ್ಸ್, ಎಲೆಕೋಸು. ಕೋಸಿನ ಬಸ್ಸಾರೂ ಬಸ್ಸಾರೇ, ಯಾರೇನೇ ಅನ್ನಲಿ.

ಈಗ ಕಾಯಿಯ ವಿಷಯ. ಬಸಿದ ಕಟ್ಟು ತೆಳುವಾಗಿರುತ್ತದೆ, ಮುದ್ದೆಗೆ ಹತ್ತಿಕೊಳ್ಳಲು ಅದಕ್ಕೆ ಏನಾದರೂ ಮೈ ಬರಬೇಕು. ಅಮ್ಮ ಅದಕ್ಕೆ ಅರ್ಧ ಹೋಳು ಕಾಯಿ ರುಬ್ಬುತ್ತಾಳೆ. ಅತ್ತೆ ಬೆಂದ ಸೊಪ್ಪು-ಕಾಳಿನಲ್ಲೇ ಒಂದು ಹಿಡಿ ತೆಗೆದು ಮಸಾಲೆಗೆ ಸೇರಿಸುತ್ತಾರೆ. ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ.

ರುಚಿಯ ವ್ಯತ್ಯಾಸ ಬರುವುದು ಸುಡುವುದರಲ್ಲಿ ಅಂತ ನನ್ನ ಲೆಕ್ಕ. ಅತ್ತೆ ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುವುದಿಲ್ಲ. ಸಿಪ್ಪೆ ಸಮೇತ ಕೆಂಡಕ್ಕೆ ತಳ್ಳುತ್ತಿದ್ದರು, ಈಗ ಗ್ಯಾಸಿನ ಉರಿಗೇ ಇಡುತ್ತಾರೆ. ಹೊರಸಿಪ್ಪೆ ಕರಕಾಗಿ ಬಿರಿದು, ಒಳಗೆ ಈರುಳ್ಳಿ ನೀರೊಡೆದು ಸುಯ್ ಅನ್ನಬೇಕು. ಆಗ ಬೆರಳಲ್ಲೇ ಸಿಪ್ಪೆ ಜಾರಿಸಿ, ಕರಿ ಪೂರ್ತಿ ಹೋಗದಂತೆ ಒರೆಸಿ, ಹುರಿದ ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ಜೊತೆ ರುಬ್ಬುತ್ತಾರೆ. ಆ ಸುಟ್ಟ ವಾಸನೆ ಕಾಯಿ ಹಾಕಿದರೆ ಅಡಗಿಹೋಗುತ್ತದೆ.

ಹುಳಿಯ ವಿಚಾರಕ್ಕೆ ಮಾತ್ರ ಎರಡು ಮನೆಯಲ್ಲೂ ಒಂದೇ ಕಟ್ಟುನಿಟ್ಟು: ಬಸಿಯುವ ತನಕ ಹುಣಸೆಯಾಗಲಿ ಟೊಮೆಟೊ ಆಗಲಿ ಪಾತ್ರೆಯ ಹತ್ತಿರ ಸುಳಿಯಕೂಡದು. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ, ಸೊಪ್ಪಿನ ಹಸಿರೂ ಕಂದುತ್ತದೆ.

ಮದುವೆಯಾದ ಹೊಸದರಲ್ಲಿ ನಾನು ಬುದ್ಧಿವಂತಿಕೆ ಮಾಡಿ ನೆನೆಸಿದ ಅಲಸಂದೆ, ಸೊಪ್ಪು ಎರಡನ್ನೂ ಕುಕ್ಕರಿಗೆ ಹಾಕಿ ನಾಲ್ಕು ವಿಶಲ್ ಕೂಗಿಸಿದ್ದೆ. ಮುಚ್ಚಳ ತೆಗೆದರೆ ಬಸಿಯಲು ನೀರೇ ಇಲ್ಲ, ಎಲ್ಲಾ ಸೇರಿ ಗೊಜ್ಜಾಗಿತ್ತು. ಅದಕ್ಕೇ ಮಸಾಲೆ ಹಾಕಿ ಕುದಿಸಿ ಬಡಿಸಿದೆ. ಅತ್ತೆ ಎರಡು ಮುದ್ದೆ ಉಂಡು, ಕೈ ತೊಳೆದು ಬಂದು, "ಮಸ್ಸೊಪ್ಪು ಚೆನ್ನಾಗಿತ್ತು ಕಣವ್ವ" ಅಂದರು. ಅಂದಿನಿಂದ ಕಾಳಿಗೆ ಮಾತ್ರ ಕುಕ್ಕರ್, ಸೊಪ್ಪಿಗೆ ತೆರೆದ ಪಾತ್ರೆ.

ಅತ್ತೆ ಕಾಯಿ ಹಾಕದ್ದು ಕಾಯಿ ಇಲ್ಲದ್ದಕ್ಕೆ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಒಮ್ಮೆ ತವರಿಂದ ಚೀಲದ ತುಂಬಾ ಕಾಯಿ ತಂದಿದ್ದಾಗಲೂ ಅವರು ಮುಟ್ಟಲಿಲ್ಲ. ಕೇಳಿದ್ದಕ್ಕೆ, "ಕಾಯಿ ಹಾಕಿದ್ರೆ ಬೆಳಗ್ಗೆಗೆ ಹಳಸೋಗ್ತದೆ, ತಂಗಳು ಮುದ್ದೆಗೆ ಏನು ನೆಂಚ್ಕೊಳ್ತೀಯ?" ಅಂದರು. ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೊರಡುತ್ತಿದ್ದ ಮನೆ ಅದು. ರಾತ್ರಿಯ ಸಾರೇ ಬೆಳಗಿನ ಊಟ, ಫ್ರಿಜ್ ಎಲ್ಲಿತ್ತು?

ಆದ್ದರಿಂದ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದಿಷ್ಟೇ: ಸಾರು ಇವತ್ತಿಗೋ, ನಾಳೆಗೂ ಬೇಕೋ? ಇವತ್ತೇ ಮುಗಿಸುವುದಾದರೆ, ಅದರಲ್ಲೂ ಹೆಸರುಕಾಳಿನದಾದರೆ, ಕಾಯಿ ಹಾಕಿ, ಚೆನ್ನಾಗಿರುತ್ತದೆ. ಹುರುಳಿಕಾಳಿನ ಕಟ್ಟಿಗೆ ಬೇಡ, ಅದರ ಘಮಕ್ಕೆ ಕಾಯಿ ಅಡ್ಡ ಬರುತ್ತದೆ. ನಮ್ಮ ಮನೆಯಲ್ಲಿ ಈಗ ಫ್ರಿಜ್ ಇದೆ, ಆದರೂ ಭಾನುವಾರದ ಬಸ್ಸಾರಿಗೆ ನಾನು ಕಾಯಿ ಹಾಕುವುದಿಲ್ಲ. ರಾತ್ರಿ ಒಲೆ ಮೇಲೇ ಬಿಟ್ಟು, ಸೋಮವಾರ ಬೆಳಗ್ಗೆ ಇನ್ನೊಂದು ಕುದಿ ಬರಿಸಿದರೆ ಸಾರು ಅರ್ಧಕ್ಕೆ ಇಳಿದು ಕಪ್ಪಗೆ ಗಟ್ಟಿಯಾಗುತ್ತದೆ. ಆ ತಳದ ಸಾರಿಗೆ ನನ್ನ ಗಂಡ, ಮಗ ಇಬ್ಬರೂ ತಟ್ಟೆ ಹಿಡಿದು ನಿಂತಿರುತ್ತಾರೆ.