ಹೊಳಿ ಬರುವ ಮೊದಲು ಗಡ್ಡಿಯಲ್ಲಿ ಆಗಬೇಕಾದ ಕೆಲಸ

ರಾಯಚೂರು ಜಿಲ್ಲೆಯ ಕೃಷ್ಣೆಯ ನಡುಗಡ್ಡೆಗಳಲ್ಲಿ, ಅಂದರೆ ಗಡ್ಡಿಗಳಲ್ಲಿ, ತಲೆಯ ಮೇಲಿನ ಮೋಡ ನೋಡಿ ಹೊಳಿ (ನೆರೆ) ಬರುವ ಲೆಕ್ಕ ಹಾಕಿದರೆ ಮೋಸವೇ. ಜುಲೈನಲ್ಲಿ ಇಲ್ಲಿ ಮಳೆಯಿಲ್ಲದೆ ತೊಗರಿ ಬಾಡುತ್ತಿರುತ್ತದೆ. ಅದೇ ಹೊತ್ತಿಗೆ ಮಹಾಬಳೇಶ್ವರದ ಕಡೆ ಸುರಿದದ್ದು ಆಲಮಟ್ಟಿ ಜಲಾಶಯ ತುಂಬಿ ಅದರ ಕೆಳಗಿನ ನಾರಾಯಣಪುರ ಜಲಾಶಯಕ್ಕೆ ಬಂದಿರುತ್ತದೆ. ಆಲಮಟ್ಟಿಯಲ್ಲಿ 123 ಟಿಎಂಸಿ ಹಿಡಿಯುತ್ತದೆ, ನಾರಾಯಣಪುರದಲ್ಲಿ ಬರೀ 33 ಚಿಲ್ಲರೆ. ಹಾಗಾಗಿ ಮೇಲಿನಿಂದ ಬಂದ ನೀರನ್ನು ಅಲ್ಲಿ ಹೆಚ್ಚು ಹೊತ್ತು ತಡೆಯಲಾಗದು, ಗೇಟು ತೆಗೆಯಲೇಬೇಕು. ಗಡ್ಡಿಯವರಿಗೆ ಬಸ್ಸಿನ ವೇಳಾಪಟ್ಟಿ ಇದ್ದಂತೆ, ಗೇಟಿನಿಂದ ಬಿಟ್ಟ ನೀರಿನ ಕ್ಯೂಸೆಕ್ ಲೆಕ್ಕ. 1 ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರು.

ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿಯಂಥ ಕಡೆ ನಾರಾಯಣಪುರದ ಹೊರಹರಿವೊಂದನ್ನು ನೋಡಿದರೆ ಸಾಕು. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ, ಕುರವಪುರದವರು ಅಷ್ಟಕ್ಕೇ ನಿಲ್ಲಬಾರದು. ಅವರಿಗಿಂತ ಮೇಲೆಯೇ ಭೀಮಾ ಬಂದು ಸೇರುವುದರಿಂದ ಭೀಮೆಯ ಉಜನಿ ಅಣೆಕಟ್ಟು ಮತ್ತು ಸೊನ್ನ ಬ್ಯಾರೇಜಿನಿಂದ ಬಿಟ್ಟ ನೀರನ್ನೂ ಕೂಡಿಸಿಕೊಳ್ಳಬೇಕು. ಕೃಷ್ಣೆ ಇಳಿಯಿತೆಂದು ಹರಗೋಲು ಇಳಿಸಿದ ದಿನವೇ ಭೀಮಾ ಏರಬಹುದು. ಎಷ್ಟು ಕ್ಯೂಸೆಕ್‌ಗೆ ನಿಮ್ಮ ದಾರಿ ಮುಚ್ಚುತ್ತದೆ ಎಂಬುದನ್ನು ಪೇಪರಿನಲ್ಲಿ ಹುಡುಕಬೇಡಿ. ದಡದ ದೊಡ್ಡ ಬಂಡೆಗೆ ಗೇಣಿಗೊಂದು ಬಣ್ಣದ ಗೆರೆ ಎಳೆಯಿರಿ. ಗೇಟು ತೆಗೆದ ಹೊತ್ತು, ಬಿಟ್ಟ ನೀರು, ಯಾವ ಗೆರೆಗೆ ಎಷ್ಟು ಗಂಟೆಗೆ ಬಂತು, ಇಷ್ಟನ್ನು ಎರಡು ಮಳೆಗಾಲ ಬರೆದಿಟ್ಟರೆ ನಿಮ್ಮ ಗಡ್ಡಿಯದೇ ಪಟ್ಟಿ ಕೈಗೆ ಬರುತ್ತದೆ. ಅದರಷ್ಟು ನಂಬಿಕೆಯದು ಬೇರೆ ಇಲ್ಲ.

ಹರಗೋಲಿನ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಬಿದಿರ ಸೀಳಿನ ಹೆಣಿಗೆ, ಅದರ ಮೇಲೆ ತಾಡಪಾಲು, ಮೇಲೆ ಡಾಂಬರು. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿಗೆ ತಳ ಉಜ್ಜುತ್ತದೆ, ಬಿಸಿಲಿಗೆ ಡಾಂಬರು ಸೀಳುತ್ತದೆ, ಮತ್ತು ಈ ಸೀಳು ಹೊರಗಿನಿಂದ ಕಾಣುವುದಿಲ್ಲ. ನಡುಮಧ್ಯಾಹ್ನ ಹರಗೋಲನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಒಬ್ಬರು ಒಳಗೆ ತಲೆ ತೂರಿಸಿ ನೋಡಿ. ತೂತಿದ್ದಲ್ಲೆಲ್ಲ ಸಾಸಿವೆ ಕಾಳಿನಷ್ಟು ಬೆಳಕು ಚುಕ್ಕೆಯಾಗಿ ಹೊಳೆಯುತ್ತದೆ. ಒಳಗಿನಿಂದ ಅಲ್ಲಿಗೆ ಬೆರಳು ಒತ್ತಿದರೆ ಹೊರಗಿದ್ದವರು ಸುಣ್ಣದಲ್ಲಿ ಗುರುತು ಮಾಡುತ್ತಾರೆ. ಬಿಸಿ ಡಾಂಬರಿನಲ್ಲಿ ಅದ್ದಿದ ಗೋಣಿಬಟ್ಟೆಯ ತೇಪೆ ಹಚ್ಚಿ, ಎರಡು ದಿನ ನೆರಳಲ್ಲಿ ಒಣಗಿಸಿ. ಆಮೇಲೆ ಮೊಣಕಾಲುದ್ದ ನೀರಿನಲ್ಲಿ ಕಲ್ಲು ಹೇರಿ ಅರ್ಧ ಗಂಟೆ ನಿಲ್ಲಿಸಿ ನೋಡಿ.

ಹೇರುವಾಗ ಭಾರ ನಡುವೆ ಇರಲಿ. ಜನ ಅಂಚಿನ ಮೇಲೆ ಕೂಡದೆ ತಳದಲ್ಲೇ ಕೂಡಬೇಕು. ಅಂಚು ನೀರಿಗಿಂತ ಕನಿಷ್ಠ ಒಂದು ಗೇಣು ಮೇಲಿರಬೇಕು. ಅದಕ್ಕಿಂತ ಇಳಿದರೆ ಒಬ್ಬರು ಇಳಿದುಬಿಡಿ, ಅವರು ಮುಂದಿನ ಸರದಿಗೆ ಬರಲಿ. ಬೈಕ್ ಏರಿಸಿದ ಹರಗೋಲಿಗೆ ಮಕ್ಕಳನ್ನು ಏರಿಸಬೇಡಿ. ಹಿಡಿದವರ ಕೈ ಜಾರಿದರೆ ಬೈಕ್ ವಾಲುವ ಕಡೆಗೇ ಹರಗೋಲೂ ಮಗುಚುತ್ತದೆ. ಹೊಳಿ ಕೆಂಪಾಗಿ, ಮರದ ಕೊಂಬೆ ತೇಲಿ ಬರಲು ಶುರುವಾದ ಮೇಲೆ ಎಂಥ ಅಂಬಿಗನಿದ್ದರೂ ದಾಟುವುದು ಬೇಡ.

ದಾಟಲಾಗದ ಇಪ್ಪತ್ತು ದಿನಕ್ಕೆ ಸಾಮಾನು ತುಂಬಿಸಿಕೊಳ್ಳುವಾಗ ಹೆಚ್ಚಿನವರು ತಪ್ಪುವುದು ಹಿಟ್ಟಿನಲ್ಲಿ. ಐದು ಜನರ ಮನೆಗೆ ದಿನಕ್ಕೆ ಹತ್ತಿರ ಹತ್ತಿರ 2 ಕಿಲೋ ಜೋಳ ಬೇಕು, ಅಂದರೆ 40 ಕಿಲೋ. ಅಷ್ಟನ್ನೂ ಒಮ್ಮೆಲೇ ಗಿರಣಿಗೆ ಹಾಕಿಸಬೇಡಿ. ಜೋಳದ ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ. ಎಸರು ಕುದಿಸಿ ಹಾಕಿದರೂ ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ, ಮಳೆಗಾಲದ ತಂಪಿಗೆ ಕಹಿಯೂ ಬರುತ್ತದೆ. ಹತ್ತು ದಿನಕ್ಕಷ್ಟೇ ಬೀಸಿಸಿ ಉಳಿದದ್ದನ್ನು ಕಾಳಾಗಿಯೇ ಇಡಿ. ಕರೆಂಟಿನ ತಂತಿ ಹೊಳಿ ದಾಟಿ ಬರುವುದರಿಂದ ನೀರು ಏರಿದರೆ ಗಿರಣಿಯೂ ನಿಲ್ಲುತ್ತದೆ, ಆಗ ಬೀಸುಕಲ್ಲೇ ಗತಿ. ಅದಕ್ಕೆ ಮೊದಲೇ ಕಕ್ಕು ಹೊಡೆಸಿ, ಅಂದರೆ ಉಳಿಯಿಂದ ಒರಟು ಮಾಡಿಸಿ, ಇಟ್ಟುಕೊಳ್ಳಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿಗೂ ನೆಟ್‌ವರ್ಕ್ ಬೇಕು, ತಿಂಗಳ ಮೊದಲ ವಾರದಲ್ಲೇ ತಂದುಬಿಡಿ.

ಅಧಿಕಾರಿಗಳು ಬಂದು ಎದ್ದು ಬನ್ನಿ ಎಂದಾಗ ಜನ ಹಿಂದೇಟು ಹಾಕುವುದು ದನಗಳಿಗಾಗಿ. ಅದನ್ನು ಹಟ ಎನ್ನುವುದು ಅನ್ಯಾಯ. ಎತ್ತು ಬಿಟ್ಟು ಹೋದವನಿಗೆ ಹಿಂಗಾರಿಲ್ಲ. ಒಂದು ದನಕ್ಕೆ ದಿನಕ್ಕೆ 6ರಿಂದ 7 ಕಿಲೋ ಕಣಿಕೆ (ಜೋಳದ ಒಣ ದಂಟು) ಎಂದರೂ ನಾಲ್ಕು ದನಕ್ಕೆ 20 ದಿನಕ್ಕೆ 5 ಕ್ವಿಂಟಲ್ ಆಸುಪಾಸು ಬೇಕಾಗುತ್ತದೆ. ಬಣವಿಯನ್ನು ಹೊಲದಲ್ಲಿ ಬಿಡದೆ 2009ರಲ್ಲಿ, 2019ರಲ್ಲಿ ನೀರು ಮುಟ್ಟದ ದಿಬ್ಬದ ಮೇಲೆ ಒಟ್ಟಬೇಕು.

ಕುಡಿಯುವ ನೀರಿನಲ್ಲಿ ಕ್ರಮ ತಪ್ಪಬಾರದು. ಕೆಸರು ನೀರಿಗೆ ನೇರ ಕ್ಲೋರಿನ್ ಗುಳಿಗೆ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚು. ಮೊದಲು 20 ಲೀಟರಿಗೆ ಒಂದು ಗ್ರಾಂನಷ್ಟು ಪಟಕ (ಆಲಂ) ಕದಡಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಗುಳಿಗೆ ಹಾಕಿ ಅರ್ಧ ಗಂಟೆ ಕಾಯಿರಿ. ಎಳೆ ಮಕ್ಕಳಿಗೆ ಕುದಿಸಿದ್ದೇ ಆಗಬೇಕು.

ಬಿಪಿ, ಶುಗರ್ ಗುಳಿಗೆ ತಿಂಗಳಿಗಾಗುವಷ್ಟು ಇರಲಿ. ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿದು, ಒದ್ದೆ ಮರಳಿನ ದೊಡ್ಡ ಮಡಿಕೆಯೊಳಗೆ ಸಣ್ಣ ಮಡಿಕೆ ಹುಗಿದು ಅದರಲ್ಲಿಡಿ. ಬಸುರಿಯರನ್ನು ದಿನ ತುಂಬುವ ಒಂದು ತಿಂಗಳ ಮುಂಚೆಯೇ ಆಚೆ ದಂಡೆಯ ನೆಂಟರ ಮನೆಗೆ ಕಳಿಸಬೇಕು. ಹೊಳಿ ಬಂದಾಗ 108ರ ಗಾಡಿ ಆಚೆ ದಂಡೆಗೇ ನಿಲ್ಲುತ್ತದೆ.

ಸಿಗ್ನಲ್ ಹುಡುಕುತ್ತಲೇ ಫೋನಿನ ಬ್ಯಾಟರಿ ಮುಗಿಯುತ್ತದೆ. ಮನೆಗೊಂದು ಕೀಪ್ಯಾಡ್ ಫೋನ್ ಇಟ್ಟು, ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಹತ್ತು ನಿಮಿಷ ಮಾತ್ರ ಆನ್ ಮಾಡಿ. ಆ ಹೊತ್ತು ಆಚೆಯವರಿಗೂ ಗೊತ್ತಿರಲಿ.

ನೀರು ಇಳಿದ ಮೇಲೆ ಮೊದಲ ಸಲ ಜನ ಹೇರದೆ ಹೋಗಬೇಕು. ಮರಳು ಜಾಗ ಬದಲಿಸಿರುತ್ತದೆ, ಹಳೆಯ ಆಳ ಹಳೆಯ ಕಡೆ ಇರುವುದಿಲ್ಲ. ಇಬ್ಬರೇ ಹೋಗಿ ಗಳದಿಂದ ತಳ ಮುಟ್ಟಿ ನೋಡುತ್ತ ದಾಟಲಿ. ದಂಡೆಯ ಹೊಸ ಕೆಸರಿನಲ್ಲಿ ಮೊಸಳೆ ಹೊರಳಿದ ಗುರುತಿದ್ದರೆ ಇಳಿಯುವ ಜಾಗವನ್ನೇ ಬದಲಿಸಿ, ಬಟ್ಟೆ ಒಗೆಯುವವರಿಗೂ ದನ ನೀರಿಗೆ ಬಿಡುವವರಿಗೂ ಅಂದೇ ಹೇಳಿಬಿಡಿ.