ಅಜ್ಜನ ಜಾತ್ರೆಗೆ ನೂರೊಂದು ರೊಟ್ಟಿ

ಕೊಪ್ಪಳದ ಗವಿಸಿದ್ಧೇಶ್ವರ ಅಜ್ಜನ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಯ ಸಂಜೆ. ನಮ್ಮ ಮನೆಯಲ್ಲಿ ಮಾತ್ರ ಜಾತ್ರೆ ಎಂಟು ದಿನ ಮೊದಲೇ, ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿನೊಂದಿಗೆ ಶುರುವಾಗುತ್ತದೆ.

ಹೋದ ವರ್ಷ ಅವ್ವನ ಬಲಗೈ ಮುರಿದಿತ್ತು. ಕಟ್ಟು ಬಿಚ್ಚಿದ ದಿನವೇ, "ಅಜ್ಜ, ಈ ಕೈಯಿಂದಲೇ ನೂರೊಂದು ರೊಟ್ಟಿ" ಎಂದು ಹರಕೆ ಹೊತ್ತಳು. ಈ ಸಲ ನಾಲ್ಕು ದಿನ ಒಲೆಯ ಮುಂದೆ ಕುಳಿತು ತೀರಿಸಿದಳು. ಕುದಿನೀರು ಹಾಕಿ ಜೋಳದ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಬೆಂದದ್ದನ್ನು ಒಲೆಯ ಬದಿಗೆ ಆನಿಸಿ ಖಡಕ್ ಆಗುವವರೆಗೆ ಕಾಯಬೇಕು. ತುಸು ತೇವ ಉಳಿದರೂ ಬೂಷ್ಟು ಹಿಡಿಯುತ್ತದೆ. ಅಂಥವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹೆಬ್ಬೆರಳು ಇನ್ನೂ ಪೂರ್ತಿ ಒತ್ತುವುದಿಲ್ಲವಾದ್ದರಿಂದ ಪ್ರತಿ ರೊಟ್ಟಿಯ ಒಂದು ಅಂಚು ದಪ್ಪಗಿತ್ತು.

ಊರ ಅಗಸೆಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಮನೆಮನೆಯ ರೊಟ್ಟಿಯ ಗಂಟುಗಳ ನಡುವೆ ನಮ್ಮದೂ ಸೇರಿತು. ಹೀಗೆ ಹಳ್ಳಿಹಳ್ಳಿಯಿಂದ ಬರುವ ರೊಟ್ಟಿ ಲಕ್ಷಗಟ್ಟಲೆ. ದಾಸೋಹ ತೇರಿನ ದಿನಕ್ಕೇ ಮುಗಿಯುವುದಿಲ್ಲ, ಅಮಾವಾಸ್ಯೆಯವರೆಗೂ ನಡೆಯುತ್ತದೆ.

ಗವಿಮಠದ ಬೆಟ್ಟ ಬಹಳ ಹಳೆಯ ಜಾಗ. ಅಶೋಕನ ಶಾಸನವೇ ಅಲ್ಲಿನ ಬಂಡೆಯ ಮೇಲಿದೆ. ಗವಿಸಿದ್ಧೇಶ್ವರರು ಮಠದ ಹನ್ನೊಂದನೆಯ ಪೀಠಾಧಿಪತಿಗಳು. ಗುರುಗಳು ತಮಗೆಂದು ಸಿದ್ಧಮಾಡಿಸಿದ್ದ ಸಮಾಧಿಯಲ್ಲಿ ಶಿಷ್ಯರಾದ ಇವರೇ ಜೀವಂತ ಕುಳಿತರೆಂದು ಹಿರಿಯರು ಹೇಳುತ್ತಾರೆ. ಗದ್ದುಗೆಯ ಮುಂದೆ ನಿಂತಾಗಲೆಲ್ಲ ನನಗೆ ಆ ಗುರುವಿನ ನೆನಪಾಗಿ ಕಣ್ಣು ತುಂಬುತ್ತದೆ.

ತೇರಿಗೆ ಬರುವವರು ಮಧ್ಯಾಹ್ನದೊಳಗೇ ಊರು ಸೇರಬೇಕು. ಗದಗ–ಹೊಸಪೇಟೆ ಮಾರ್ಗದ ರೈಲು ಹಿಡಿದರೆ ವಾಹನ ನಿಲ್ಲಿಸುವ ಚಿಂತೆಯಿಲ್ಲ. ಸಣ್ಣ ಮಕ್ಕಳಿದ್ದರೆ ಮೈದಾನದ ಅಂಚಿನಲ್ಲೇ ನಿಲ್ಲಿ. ತೇರು ಕದಲಿದ ಗಳಿಗೆ ಉತ್ತತ್ತಿ, ಬಾಳೆಹಣ್ಣುಗಳು ಮಳೆಯಂತೆ ಬೀಳುತ್ತವೆ, ಜನಸಾಗರ ಒಮ್ಮೆಲೇ ಮುಂದಕ್ಕೆ ಸರಿಯುತ್ತದೆ. ಆ ಹೊತ್ತಿಗೆ ಅವ್ವ ಕಳಸದಿಂದ ಕಣ್ಣು ಕೀಳಲಿಲ್ಲ.

ದಾಸೋಹದ ಪಂಕ್ತಿಯಲ್ಲಿ ನನ್ನ ತಟ್ಟೆಗೆ ರೊಟ್ಟಿ ಬಿದ್ದಾಗ ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ಸುತ್ತಲೂ ಒಂದೇ ಸಮ, ತೆಳ್ಳಗೆ. "ಯಾವ ತಾಯಿ ಬಡಿದದ್ದೋ" ಎಂದು ಅವ್ವ ತನ್ನ ಪಾಲಿನ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಬಲಗೈಯಿಂದಲೇ ಮುರಿದಳು.