ತೂಕಕ್ಕೆ ಕೊಂಡ ಮಿಲ್ಲಿಂಗ್ ಮಷೀನು

ಈರುಳ್ಳಿ, ಬೆಲ್ಲ, ಹಳೇ ಪೇಪರು ಇವೆಲ್ಲ ಕೆ.ಜಿ. ಲೆಕ್ಕದಲ್ಲಿ ಗೊತ್ತು. ಲೋಹ ಕಡಿದು ಆಕಾರ ಕೊಡುವ ಮಿಲ್ಲಿಂಗ್ ಮಷೀನನ್ನು ಹಾಗೆ ಕೊಂಡಿದ್ದು ಅದೇ ಮೊದಲು.

ಪೀಣ್ಯ ಎರಡನೇ ಹಂತದ ಶೆಡ್ಡೊಂದರಲ್ಲಿ ಹೊಸ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನು) ಕೂರಿಸುವುದಿತ್ತು, ಜಾಗ ಬೇಕಿತ್ತು. ಮೂಲೆಯಲ್ಲಿದ್ದ ಹಳೇ ಮಿಲ್ಲಿಂಗ್ ಮಷೀನು, ಎಚ್ಎಂಟಿ ಎಫ್ಎನ್-2ಯು, ಗುಜರಿಗೆ ಹೋಗುವುದೆಂದು ಮಾತಾಗಿತ್ತು. ನಾನು ಹೋಗಿದ್ದು ಯಾವುದೋ ಬಾಕಿ ವಸೂಲಿಗೆ. ಸುಮ್ಮನೆ ಟೇಬಲ್ಲಿನ ಹ್ಯಾಂಡಲ್ ತಿರುಗಿಸಿದೆ. ನಡುವೆ ನೀರಿನ ಹಾಗೆ ಓಡಿತು, ತುದಿ ಹತ್ತಿರ ಬರುತ್ತಲೇ ಬಿಗಿದುಕೊಂಡಿತು. ಗುಜರಿಯವನ ದರದ ಮೇಲೆ ಕೆ.ಜಿ.ಗೆ ಎರಡು ರೂಪಾಯಿ ಸೇರಿಸಿ, "ನಂಗೇ ಕೊಟ್ಬಿಡಿ ಸಾರ್" ಅಂದೆ. ಬಾಕಿ ವಸೂಲಾಗಲಿಲ್ಲ, ಅದರಲ್ಲೇ ವಜಾ ಆಯಿತು. ವೇ ಬ್ರಿಡ್ಜಿನಲ್ಲಿ ತೂಕ ಎರಡು ಟನ್ ದಾಟಿತು.

ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ಜಾಲಹಳ್ಳಿಯ ಎಚ್ಎಂಟಿಯಲ್ಲಿ ಲೇತ್ ಅಸೆಂಬ್ಲಿ ಫಿಟ್ಟರ್ ಆಗಿ ರಿಟೈರ್ ಆದವರು. 1953ರಲ್ಲಿ ಶುರುವಾದ ಆ ಕಾರ್ಖಾನೆಗೆ ಲೇತಿನ ವಿದ್ಯೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ ಬಂತು, ಮಿಲ್ಲಿಂಗಿನದು ಜರ್ಮನಿಯ ಫ್ರಿಟ್ಜ್ ವರ್ನರ್‌ನಿಂದ. "ನಂದು ಲೇತ್ ಕಣೋ, ಮಿಲ್ಲಿಂಗ್ ಅಲ್ಲ" ಅಂತ ಮೊದಲು ರಾಗ ಎಳೆದರು. ಆಮೇಲೆ ತಾವೇ ಕೇಳಿದರು: "ಯು ಅಂದ್ಯಲ್ಲ, ಟೇಬಲ್ ಓರೆ ತಿರುಗತ್ತಾ?" ತಿರುಗುತ್ತಿತ್ತು. ಸುರುಳಿ ಹಲ್ಲಿನ ಗೇರು ಕಡಿಯಲು ಬೇಕಾಗುವುದೇ ಆ ತಿರುಗು. "ಹಾಗಾದ್ರೆ ಬರ್ತೀನಿ. ಎತ್ತೋಕೆ ಮುಂಚೆ ಟೇಬಲ್ ಹೊತ್ತಿರೋ ಮಂಡಿ ಭಾಗಾನ ಪೂರ್ತಿ ಕೆಳಗಿಳಿಸು, ಟೇಬಲ್ ಮಧ್ಯಕ್ಕೆ ತಂದು ಲಾಕ್ ಮಾಡು. ಇದು ತಲೆಭಾರದ ಪ್ರಾಣಿ."

ಅವರು ಹೇಳಿದ್ದೆಲ್ಲ ಮಾಡಿದೆ. ಹೈಡ್ರಾ ಕ್ರೇನು ಬಂತು, ಬೆಲ್ಟ್ ಹಾಕಿ ಹೂವಿನಂತೆ ಎತ್ತಿ ಲಾರಿಗಿಟ್ಟಿತು. ಪಜೀತಿಯಾಗಿದ್ದು ಕಾಮಾಕ್ಷಿಪಾಳ್ಯದಲ್ಲಿ, ನನ್ನ ಶೆಡ್ಡಿನ ಗಲ್ಲಿಯಲ್ಲಿ. ಕರೆಂಟು ವೈರು ತಗ್ಗಿನಲ್ಲಿ ಇದ್ದದ್ದರಿಂದ ಹೈಡ್ರಾ ಬಾಗಿಲತನಕ ಬರಲಿಲ್ಲ. ಉಳಿದ ಇಪ್ಪತ್ತೈದು ಅಡಿಯನ್ನು ನಾಲ್ಕು ಪೈಪು, ಎರಡು ಹಾರೆ, ಐದು ಜನ ಸೇರಿ ದಾಟಿಸಿದೆವು. ಹಿಂದಿನಿಂದ ಹೊರಬಿದ್ದ ಪೈಪನ್ನು ಮುಂದಕ್ಕೆ ತಂದಿಡುವುದು ನನ್ನ ಕೆಲಸ. ಹೊಸ್ತಿಲ ಬಳಿ ನೆಲ ಒಂದಿಂಚು ಕುಸಿದಿತ್ತು. ಪೈಪು ಅಲ್ಲಿ ಕಚ್ಚಿಕೊಂಡು ಮಷೀನು ವಾಲಿತು. ಬಾಗಿಲ ಚೌಕಟ್ಟಿಗೆ ತಗುಲಿ ಹ್ಯಾಂಡ್‌ವೀಲಿನ ಒಂದು ಕಡ್ಡಿ ಟಣ್ ಅಂತ ಸೀಳಿತು. ಬೀಡು (ಎರಕದ ಕಬ್ಬಿಣ) ಬಗ್ಗುವುದಿಲ್ಲ, ಒಡೆಯುತ್ತದೆ. ಬಿಚ್ಚಿಕೊಂಡು ಹೋಗಿ ಗ್ಯಾಸಿನಲ್ಲಿ ಕಾಯಿಸಿ ಹಿತ್ತಾಳೆ ಬೆಸುಗೆ ಹಾಕಿಸಿದೆ. ಆ ಹಳದಿ ಗೆರೆ ಈಗಲೂ ಕಾಣುತ್ತದೆ.

ನನಗೆ ಬಣ್ಣ ಹೊಡೆಯುವ ಆತುರ. ಡಬ್ಬ ತಂದಿಟ್ಟಿದ್ದೆ. ದೊಡ್ಡಪ್ಪ ಅದನ್ನು ಕಾಲಲ್ಲೇ ಪಕ್ಕಕ್ಕೆ ಸರಿಸಿ, "ಹಲ್ಲುನೋವಿರೋನಿಗೆ ಪೌಡರ್ ಹಚ್ತೀಯಾ?" ಅಂದರು. ಟೇಬಲ್ ಬಿಚ್ಚಿದೆವು. ಅದು ಕೂತು ಜಾರುವ ಸ್ಯಾಡಲ್ಲಿನ ಎಣ್ಣೆ ಕಾಲುವೆಗಳಲ್ಲಿ ಎಣ್ಣೆಯೇ ಇರಲಿಲ್ಲ. ಹಳೇ ಗ್ರೀಸು ಬೀಡಿನ ಪುಡಿಯ ಜೊತೆ ಬೆರೆತು ಒಣಗಿದ ಗೊಜ್ಜಿನಂತೆ ಕೂತಿತ್ತು. ಎಣ್ಣೆ ಬಿಡುವ ನಿಪ್ಪಲ್ಲಿಗೆ ಯಾರೋ ಪುಣ್ಯಾತ್ಮ ವರ್ಷಗಟ್ಟಲೆ ಗ್ರೀಸ್ ಗನ್ ಹಿಡಿದಿದ್ದಾನೆ. ಗ್ರೀಸು ಸಣ್ಣ ತೂತುಗಳಲ್ಲಿ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಆಮೇಲೆ ಹೊಸದು ಒಳಗೆ ಹೋಗುವುದೇ ಇಲ್ಲ. ಸ್ಲೈಡು ಒಣಗಿಕೊಂಡೇ ಓಡುತ್ತದೆ. ಎರಡು ದಿನ ಸೀಮೆಎಣ್ಣೆ, ಸೈಕಲ್ ಕಡ್ಡಿ, ಗಾಳಿ ಹೊಡೆತ. ಕೊನೆಗೆ ಒಂದು ತೂತಿನಿಂದ ಕರೀ ದಾರದಂಥದ್ದು ಹೊರಬಂದು, ಹಿಂದೆಯೇ ಎಣ್ಣೆ ಉಕ್ಕಿತು. ಅಷ್ಟು ಖುಷಿ ಮಷೀನು ಸ್ಟಾರ್ಟ್ ಆದಾಗಲೂ ಆಗಲಿಲ್ಲ.

ನಡುವೆ ಸಡಿಲ, ತುದಿಯಲ್ಲಿ ಬಿಗಿ ಯಾಕೆಂಬುದೂ ಆಗ ತಿಳಿಯಿತು. ಹಿಂದಿನವರೆಲ್ಲ ತುಂಡು ಹಿಡಿಯುವ ವೈಸನ್ನು ಟೇಬಲ್ಲಿನ ನಟ್ಟನಡುವೆಯೇ ಕಟ್ಟಿ ದುಡಿದಿದ್ದಾರೆ. ಸವೆದಿರುವುದು ಅಲ್ಲೇ. ನಡುವಿಗೆ ಸರಿಯಾಗುವಂತೆ ಗಿಬ್ (ಸಡಿಲ ತೆಗೆಯುವ ಪಟ್ಟಿ) ಬಿಗಿದರೆ ತುದಿಯಲ್ಲಿ ಟೇಬಲ್ಲು ಅಲುಗದು. ಪೂರ್ತಿ ಸರಿಯಾಗಬೇಕಾದರೆ ಟೇಬಲ್ಲನ್ನು ಗ್ರೈಂಡಿಂಗಿಗೆ ಕೊಡಬೇಕು. ಅದರ ಖರ್ಚು ಕೇಳಿ ಸುಮ್ಮನಾದೆ.

ಸ್ಯಾಡಲ್ಲು, ಗಿಬ್ಬು ಮಾತ್ರ ಸ್ಕ್ರೇಪ್ ಮಾಡುವುದೆಂದಾಯಿತು. ದೊಡ್ಡಪ್ಪನ ಸ್ಕ್ರೇಪರು ಹಳೇ ಅರವೊಂದನ್ನು ಮಸೆದು ಅವರೇ ಮಾಡಿಕೊಂಡದ್ದು. ಒಂದು ಮೈಗೆ ಗುರುತಿನ ನೀಲಿ ಬಣ್ಣ ತೆಳ್ಳಗೆ ಸವರಿ, ಇನ್ನೊಂದರ ಮೇಲೆ ಉಜ್ಜಿ, ಎತ್ತಿ ನೋಡಿದರೆ ಎಲ್ಲಿ ತಾಗಿದೆಯೋ ಅಲ್ಲಷ್ಟೇ ಚುಕ್ಕಿ. ಆ ಚುಕ್ಕಿಗಳನ್ನೇ ಕೆರೆಯಬೇಕು, ಮತ್ತೆ ನೀಲಿ ಹಚ್ಚಬೇಕು. ಮೊದಲ ಸಲ ಗಿಬ್ಬಿನ ಎರಡು ತುದಿಗಳಲ್ಲಿ ಮಾತ್ರ ನೀಲಿ ಇತ್ತು. ಎಷ್ಟು ಸಲ ಮಾಡಿದೆವೋ ಲೆಕ್ಕವಿಲ್ಲ. ಟೀ ಲೋಟ ಹಿಡಿದರೆ ನಡುಗುವ ಅವರ ಕೈ, ಸ್ಕ್ರೇಪರ್ ಹಿಡಿದಾಗ ನಡುಗುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟಾಗ ಆಳದ ಗೀರು ಬಿತ್ತು. ಬೈಯಲಿಲ್ಲ, ಈಸಿಕೊಂಡರು ಅಷ್ಟೆ.

ಹದಿನೈದು ದಿನ ಕಳೆದು ಜೋಡಿಸಿ ಒಂದು ಎಂ.ಎಸ್. (ಮೆದು ಉಕ್ಕು) ತುಂಡಿನ ಮೇಲೆ ಕಟ್ ಹಾಕಿದೆವು. ವೈಸನ್ನು ದೊಡ್ಡಪ್ಪ ಎಡತುದಿಗೆ ಕಟ್ಟಿಸಿದರು: "ಸವೆದಿರದ ಕಡೆ ಸ್ಯಾಡಲ್ ಮೇಲೆ ಕೂತಿರಲಿ. ಇನ್ನು ಇಲ್ಲೇ ಕೆಲಸ ಮಾಡು." ಕಟ್ಟರು ನಡುಗದೆ ದಾಟಿತು. ಅವರು ತುಂಡಿನ ಮೇಲೆ ಉಗುರೆಳೆದು ನೋಡಿ, ಕೈ ಒರೆಸಿಕೊಂಡು ಬಸ್ಸಿಗೆ ಹೊರಟರು.

ಬಣ್ಣದ ಡಬ್ಬ ಇನ್ನೂ ಕಪಾಟಿನ ಕೆಳಗಿದೆ. ನಿಪ್ಪಲ್ ಪಕ್ಕ ಮಾತ್ರ ಅದೇ ಬಣ್ಣದಲ್ಲಿ ದಪ್ಪಗೆ ಬರೆದಿದ್ದೇನೆ: "ಎಣ್ಣೆ ಮಾತ್ರ."